ಸೀಮೆಎಣ್ಣೆ ಕ್ಯೂನಲ್ಲಿ ಅಮೆರಿಕ

ಬೆಳಗಿನ ಉಪ್ಪಿಟ್ಟಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಸರಿಯಾಗಿ ಶಿವಲಕ್ಷ್ಮಮ್ಮನ ಪಂಪ್ ಸ್ಟೌ ಮುದುಕನ ಹಾಗೆ ಕೆಮ್ಮಿ ಕೆಮ್ಮಿ ಆರಿಹೋಯಿತು. ಸೀಮೆಎಣ್ಣೆ ಮುಗಿದಿತ್ತು. ಸಂಜೆ ಮಗಳು ಬನಶಂಕರಿಯನ್ನು ನೋಡಲು ಕಲ್ಯಾಣದುರ್ಗದಿಂದ ಗಂಡಿನ ಕಡೆಯವರು ಬರುವವರಿದ್ದರು.

ಅದು ತೊಂಬತ್ತೊಂದರ ಜನವರಿ. ಕುವೈತನ್ನು ನುಂಗಿದ್ದ ಇರಾಕಿನ ಮೇಲೆ ಅಮೆರಿಕ ಬಾಂಬು ಸುರಿಸುತ್ತಿತ್ತು. ಇತ್ತ ಹಿಂದೂಪುರದಲ್ಲಿ ಸೀಮೆಎಣ್ಣೆ ದೇವಸ್ಥಾನದ ತೀರ್ಥದಂತೆ ಸಿಗುತ್ತಿತ್ತು.

ಶಿವಲಕ್ಷ್ಮಮ್ಮ ಕ್ಯಾನನ್ನು ಗಂಡನ ಕೈಗಿಟ್ಟಳು. "ಕ್ಯೂನಾಗೆ ನಿಂತ್ಕೊಳ್ಳಿ, ಎಣ್ಣೆ ಹಾಕಿಸ್ಕೊಳ್ಳಿ, ಬನ್ನಿ. ಆ ಅಮೆರಿಕದ ಸುದ್ದಿಗೆ ಮಾತ್ರ ಹೋಗ್ಬ್ಯಾಡಿ."

"ಹೋಯ್ತೀನಿ, ಬತ್ತೀನಿ. ಬಾಯೇ ತೆಗೆಯಾಕಿಲ್ಲ, ಸರಿನಾ?" ಎಂದ ಮುತ್ಯಾಲಪ್ಪ.

ಅವನ ಮನೆಯಲ್ಲಿದ್ದದ್ದು ಒಂದೇ ಒಂದು ರೇಷ್ಮೆ ಮಗ್ಗ. ಬಾಯಲ್ಲಿ ಮಾತ್ರ ಇಡೀ ಪ್ರಪಂಚವಿತ್ತು. ಲಾಳಿ ಆಚೆಯಿಂದ ಈಚೆಗೆ ಬರುವಷ್ಟರಲ್ಲಿ ಅವನು ವಾಷಿಂಗ್ಟನ್ ಮುಟ್ಟಿ, ಮಾಸ್ಕೋ ಹಾದು ವಾಪಸು ಬಂದುಬಿಡುತ್ತಿದ್ದ.

ನರಸಿಂಹಯ್ಯನ ಸೀಮೆಎಣ್ಣೆ ಡಿಪೋ ಮುಂದೆ ಅವನಿಗೆ ಒಳ್ಳೆಯ ಜಾಗವೇ ಸಿಕ್ಕಿತು. ಆದರೆ ಎದುರಿಗೇ ಸೈಕಲ್ ಶಾಪಿನ ಪಾಪಯ್ಯ ನಿಂತಿದ್ದ, ಸುಮ್ಮನೆ ನಿಂತಿರಲಿಲ್ಲ.

"ನೋಡ್ರಪ್ಪ ನ್ಯಾಯಾನ! ಅಮೆರಿಕದೋರ ಇಮಾನಕ್ಕೆ ಬೊಂಬಾಯಾಗೆ ಎಣ್ಣೆ ತುಂಬ್ಸಿ ಕಳಿಸ್ತವ್ರಂತೆ. ನಮ್ಗೆ ಒಂದು ಲೀಟರ್‌ಗೆ ಈ ಬಿಸ್ಲು! ಊರೋರ ಜಗಳ ಎಲ್ಲಾ ತನ್ದೇ ಅಂತ ನುಗ್ತಾನಲ್ಲ ಈ ಅಮೆರಿಕದೋನು, ಅವ್ನಿಗೆ ಈ ಯಜಮಾನಿಕೆ ಕೊಟ್ಟೋರ್ಯಾರು?"

ಮುತ್ಯಾಲಪ್ಪ ತುಟಿ ಕಚ್ಚಿದ. ಆಕಾಶ ನೋಡಿದ. ಗೋಡೆಯ ಮೇಲಿದ್ದ ಹಲ್ಲುಪುಡಿ ಜಾಹೀರಾತನ್ನು ಮೇಲಿಂದ ಕೆಳಗೆ ಓದಿ, ಕೆಳಗಿಂದ ಮೇಲಕ್ಕೂ ಓದಿದ. ಆಮೇಲೆ ತಡೆಯಲಾಗಲಿಲ್ಲ.

"ಅಲ್ಲ ಕಣಪ್ಪ, ಪಕ್ಕದ ಮನೆಗೆ ಯಾವನೋ ನುಗ್ಬುಟ್ರೆ ಶಕ್ತಿ ಇರೋನು ಸುಮ್ಕೆ ಕೂತ್ಕಬೇಕಾ? ಬರಗಾಲದಾಗೆ ಗೋಧಿ ಕೊಟ್ಟೋರ್ಯಾರು? ಇಸ್ಕೂಲಾಗೆ ನೀನು ಕುಡಿದ್ಯಲ್ಲ ಹಾಲಿನ ಪುಡಿ, ಅದ್ಯಾರ್ದು?"

"ಹಾಲಿನ ಪುಡಿ ಕೊಟ್ಟೋನೇ ಎಪ್ಪತ್ತೊಂದ್ರಾಗೆ ನಮ್ಮನ್ನ ಹೆದರ್ಸಾಕೆ ಯುದ್ಧದ ಹಡಗು ಕಳಿಸ್ದ. ಅದನ್ನೂ ಕಲಸ್ಕೊಂಡು ಕುಡೀಬೇಕಿತ್ತಾ?"

ಕ್ಯೂ ಗೊಳ್ಳೆಂದು ನಕ್ಕಿತು. ಮುತ್ಯಾಲಪ್ಪನ ಕಿವಿ ಕೆಂಪಾಯಿತು. ಅರ್ಧ ಜನ ಅವನ ಕಡೆ, ಅರ್ಧ ಜನ ಪಾಪಯ್ಯನ ಕಡೆ ಸೇರಿಕೊಂಡು ಬೀದಿಯೇ ವಿಶ್ವಸಂಸ್ಥೆಯಾಯಿತು.

ಅಷ್ಟರಲ್ಲಿ ಮುಂದುಗಡೆ, ಚಿನ್ನಕ್ಕ ಕ್ಯಾನು ಇಟ್ಟು ಮನೆಗೆ ಹೋಗಿದ್ದ ಜಾಗಕ್ಕೆ ಹಿಂದಿದ್ದ ಕದಿರಮ್ಮ ಮೆಲ್ಲಗೆ ತನ್ನ ಕ್ಯಾನು ತಳ್ಳಿದಳು. ಪಾಪಯ್ಯನ ಕಣ್ಣಿಗೆ ಅದು ಬಿತ್ತು.

"ಅಗೋ ಕುವೈತು! ಹೋಗಪ್ಪ ಅಮೆರಿಕ, ನ್ಯಾಯ ಮಾಡು."

ಈಗ ಹಿಂದೆ ಸರಿದರೆ ಮಾನ ಉಳಿಯುವುದಿಲ್ಲ. ಮುತ್ಯಾಲಪ್ಪ ತನ್ನ ಜಾಗ ಬಿಟ್ಟು ಮುಂದಕ್ಕೆ ನಡೆದ.

"ಕದಿರಮ್ಮ, ಆ ಕ್ಯಾನು ಹಿಂದಕ್ಕೆ ತಗಿ."

"ನೀನ್ಯಾವನಯ್ಯ ಕೇಳಾಕೆ?"

"ಅನ್ಯಾಯ ಕಂಡು ಸುಮ್ಕಿರಬಾರ್ದು ಕಣಮ್ಮ," ಎನ್ನುತ್ತಾ ಅವನೇ ಕ್ಯಾನಿಗೆ ಕೈ ಹಾಕಿ ಎಳೆದ. ಕದಿರಮ್ಮ ಆ ಕಡೆಗೆ ಎಳೆದಳು. ಹಿಡಿ ಕಿತ್ತುಬಂತು. ಕ್ಯಾನು ಪಕ್ಕದ ಕ್ಯಾನಿಗೆ ಬಡಿಯಿತು, ಅದು ಅದರ ಪಕ್ಕದ್ದಕ್ಕೆ. ಕ್ಯೂನ ಕ್ಯಾನುಗಳೆಲ್ಲ ಮದುವೆ ಬ್ಯಾಂಡಿನ ಸದ್ದು ಮಾಡುತ್ತಾ ಉರುಳಿ ಚರಂಡಿ ಸೇರಿದವು.

ಸದ್ದು ಕೇಳಿ ಚಿನ್ನಕ್ಕ ಓಡಿಬಂದಳು. ಇವಳಾದರೂ ಒಂದು ಒಳ್ಳೆಯ ಮಾತಾಡುತ್ತಾಳೆಂದು ಮುತ್ಯಾಲಪ್ಪ ಎದೆಯುಬ್ಬಿಸಿ ನಿಂತ.

"ಅಯ್ಯೋ ನಿನ್ನ ಕೈ ಸೇದೋಗ! ಆಕೆ ನಮ್ಮತ್ತಿಗೆ ಕಣೋ! ನನ್ನ ಜಾಗದಾಗೆ ನಿಂತ್ಕೊ ಅಂತ ನಾನೇ ಹೇಳಿ ಹೋಗಿದ್ದೆ. ನಮ್ಮನೆ ವಿಚಾರಕ್ಕೆ ನಿನ್ನ ಕರೆದೋರ್ಯಾರು?"

"ಅದನ್ನೇ ಕಣಕ್ಕ ನಾನು ಬೆಳಗ್ನಿಂದ ಕೇಳ್ತಿರೋದು," ಎಂದ ಪಾಪಯ್ಯ, ಬಹಳ ವಿನಯದಿಂದ.

ಡಿಪೋದ ಬಾಗಿಲು ಅರ್ಧ ಮುಚ್ಚಿ ನರಸಿಂಹಯ್ಯ ಹೊರಗೆ ಬಂದ. "ಏನಪ್ಪಾ ಈ ಗಲಾಟೆ? ಮುತ್ಯಾಲಪ್ಪಾ, ಎಲ್ಲಾರ ಕ್ಯಾನೂ ತೊಳೆದ್ಕೊಟ್ಟು ಕಟ್ಟಕಡೇಗೆ ಹೋಗಿ ನಿಂತ್ಕೊ. ಅಲ್ಲಿಗಂಟ ಯಾರ್ಗೂ ಎಣ್ಣೆ ಇಲ್ಲ."

ಮುತ್ಯಾಲಪ್ಪ ಬೀದಿ ನಲ್ಲಿಯಲ್ಲಿ ಇರಾಕಿನ ಪರದವರದು, ಅಮೆರಿಕದ ಪರದವರದು ಎಂಬ ಭೇದವಿಲ್ಲದೆ ಎಲ್ಲರ ಕ್ಯಾನುಗಳನ್ನೂ ತೊಳೆದ. ಪಾಪಯ್ಯನದನ್ನು ಪಾಪಯ್ಯ ಇನ್ನೊಮ್ಮೆ ತೊಳೆಸಿದ. ಕ್ಯೂನ ಬಾಲಕ್ಕೆ ಹೋಗಿ ನಿಂತವನು, ಇನ್ನು ಅಮೆರಿಕದ ಹೆಸರೆತ್ತಿದರೆ ಚೌಡೇಶ್ವರಿ ತನ್ನ ನಾಲಿಗೆ ಕೀಳಲಿ ಎಂದು ಆಣೆ ಮಾಡಿಕೊಂಡ.

ಮನೆ ಸೇರುವ ಹೊತ್ತಿಗೆ ನೆಂಟರು ಬಂದು ಕೂತಾಗಿತ್ತು. ಗಂಡಿನ ತಂದೆ ಜಯರಾಮಪ್ಪ, ಕಲ್ಯಾಣದುರ್ಗದ ಕಡಲೆಕಾಯಿ ವ್ಯಾಪಾರಿ, ಟ್ರಾನ್ಸಿಸ್ಟರನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದರು. ಸ್ಟೌ ಹತ್ತಿತು, ಬೋಂಡ ಬಂತು, ಹುಡುಗಿ ಬಂದಳು. ಹುಡುಗ ನೋಡಿ ನಾಚಿದ; ಅವನ ನಾಚಿಕೆ ನೋಡಿ ಬನಶಂಕರಿ ನಕ್ಕಳು.

"ಹುಡುಗಿ ಬಂಗಾರ," ಎಂದ ಜಯರಾಮಪ್ಪ ಕೈ ಒರೆಸಿಕೊಂಡು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಈಗ ಹೇಳಿ. ಈ ಅಮೆರಿಕ ಮಾಡ್ತಿರೋದು ಸರಿನಾ, ತಪ್ಪಾ?"

ಮುತ್ಯಾಲಪ್ಪನಿಗೆ ಚೌಡೇಶ್ವರಿಯ ಆಣೆ ನೆನಪಾಯಿತು. "ನಂಗೇನ್ ಗೊತ್ತು ಬುಡಣ್ಣ, ನೇಯೋನು ನಾನು."

"ಹೋಗ್ಲಿ, ರಷ್ಯಾ ಯಾಕೆ ಬಾಯಿ ಮುಚ್ಕೊಂಡದೆ?"

"ಅದೂ ಗೊತ್ತಿಲ್ಲಣ್ಣ."

ಅಡುಗೆಮನೆ ಬಾಗಿಲಲ್ಲಿ ಶಿವಲಕ್ಷ್ಮಮ್ಮ, ಮಾತಾಡಿ ಮಾತಾಡಿ ಎಂದು ಕೈ ಆಡಿಸಿದಳು. ಬೇಡ ಬೇಡ ಎನ್ನುತ್ತಿದ್ದಾಳೆಂದು ತಿಳಿದ ಮುತ್ಯಾಲಪ್ಪ, "ಇನ್ನೊಂದು ಬೋಂಡ ತಗೊಳ್ಳಿ," ಎಂದ.

ಜಯರಾಮಪ್ಪ ಎದ್ದರು. ಬಾಗಿಲಲ್ಲಿ ನಿಂತು ನಿಟ್ಟುಸಿರು ಬಿಟ್ಟರು. "ತಪ್ಪು ತಿಳ್ಕೊಬ್ಯಾಡಿ. ದೊಡ್ಡ ಮಗನ ಬೀಗರೂ ಹಿಂಗೇ. ಹಬ್ಬಕ್ಕೆ ಹೋದ್ರೆ ಕಂಬದ ಜೊತೆ ಕೂತಂಗೆ. ಹಿಂದೂಪುರದ ಮುತ್ಯಾಲಪ್ಪ ಪ್ರಪಂಚದ ಸುದ್ದೀನ ನೀರು ಕುಡಿದಂಗೆ ಮಾತಾಡ್ತಾನೆ ಅಂತ ಯಾರೋ ಹೇಳಿದ್ರು. ಅದಕ್ಕೇ ಇಲ್ಲಿಗಂಟ ಬಂದೆ. ಬತ್ತೀವಿ."

ಅವರು ಬೀದಿ ತಿರುಗುವುದೇ ತಡ ಶಿವಲಕ್ಷ್ಮಮ್ಮ ಹೊರಗೆ ಬಂದಳು. "ಬಾಯಿಗೆ ಬೀಗ ಹಾಕ್ಕೊಂಡ್ರೆ ಮನೆಗೆ ಬೀಗ ಹೆಂಗೆ ಬತ್ತಾನೆ? ಓಡಿ!"

ಮುತ್ಯಾಲಪ್ಪ ಪಂಚೆ ಎತ್ತಿಕಟ್ಟಿ, ಚೌಡೇಶ್ವರಿಯ ಕ್ಷಮೆ ಕೇಳುತ್ತಾ ಓಡಿದ. ಕಲ್ಯಾಣದುರ್ಗದ ಬಸ್ಸು ಆಗಲೇ ಹೊರಟಿತ್ತು.

"ಅಣ್ಣಾ! ಅಮೆರಿಕ! ಅಮೆರಿಕದ ವಿಚಾರ!"

ಕಿಟಕಿಯಿಂದ ಜಯರಾಮಪ್ಪನವರ ತಲೆ ಹೊರಬಂತು. ಮುಖ ಅರಳಿತು. "ನಿಲ್ಸಪ್ಪ, ನಿಲ್ಸು! ನಮ್ಮ ಬೀಗರು ಮಾತಾಡ್ತವ್ರೆ!" ಬಸ್ಸು ನಿಂತಿತು. "ಹೇಳಿ, ಸರಿನಾ, ತಪ್ಪಾ?"

ಮುತ್ಯಾಲಪ್ಪ ಏದುಸಿರು ಬಿಡುತ್ತಾ ಗಂಟಲು ಹರಿಯುವಂತೆ ಕೂಗಿದ. "ಅಮೆರಿಕ ಮಾಡಿದ್ದು ನೂರಕ್ಕೆ ನೂರು ಸರಿ!"

"ರೈಟ್! ರೈಟ್!" ಎಂದು ಒಳಗಿನಿಂದ ಜಯರಾಮಪ್ಪನವರ ಗುಡುಗು ಕೇಳಿತು.

ಒಪ್ಪಿಬಿಟ್ಟರು! ಮುತ್ಯಾಲಪ್ಪ ಎರಡೂ ಕೈ ಎತ್ತಿ ಮುಗಿದ. ಅದು ತನಗೆ ಹೇಳಿದ್ದಲ್ಲ, ಬಸ್ಸು ಬಿಡು ಎಂದು ಡ್ರೈವರನಿಗೆ ಹೇಳಿದ್ದು ಎಂದು ಹೊಳೆಯುವಷ್ಟರಲ್ಲಿ, ಜಯರಾಮಪ್ಪ ಕಿಟಕಿಯ ಗಾಜನ್ನು ಟಪ್ಪನೆ ಇಳಿಸಿ ಮುಚ್ಚಿಕೊಂಡರು. ಬಸ್ಸು ಅವನ ಮುಖಕ್ಕೆ ಕರಿ ಹೊಗೆ ಬಿಟ್ಟು ತಿರುವು ದಾಟಿತು.