ಉದಗೀರದ ಬೀಗರು ತಲಿಕೆಳಗ!

ಈ ಜಗತ್ತಿನ್ಯಾಗ ಉತ್ತರ ಇಲ್ಲದ ಪ್ರಶ್ನಾ ಅಂಬೂದೇ ಇಲ್ಲ, ಹುಡುಕೂ ಕೈ ಇರಬೇಕು ಅಷ್ಟ! ಆ ಕೈ ನನಗ ಹುಟ್ಟಿನಿಂದ ಬಂದದ ಅಂತ ನಿಲಂಗಾದ ಬಜಾರದಾಗ ಎದಿ ತಟ್ಟಿ ಹೇಳಾಂವಾ ನಾ. ನಂದು ಸೀರಿ ಅಂಗಡಿ. ಬಾಜೂ ಅಂಗಡಿ ಗುರಣ್ಣನ ಪ್ರಿಂಟರ್ ಬಂದ್ ಬಿದ್ದಾಗ ನೆಟ್‌ದಾಗ ಹುಡುಕಿ ಚಾಲೂ ಮಾಡಿಕೊಟ್ಟಾಂವಾ ನಾನೇ. 'ಮೊದಲ ಸ್ವಿಚ್ ಹಾಕೀರೇನು ನೋಡ್ರಿ' ಅಂತ ಉತ್ತರ ಸಿಕ್ಕಿತ್ತು. ಅದನ್ನ ನಾ ಗುರಣ್ಣಗ ಹೇಳಿಲ್ಲ, ನೀವೂ ಹೇಳಬ್ಯಾಡ್ರಿ.

ನನ್ನ ರೂಪದ ಬಗ್ಗೆನೂ ಒಂದು ಮಾತು. ತಲಿ ಮ್ಯಾಲ ಒಂದೂ ಕೂದಲಾ ಇಲ್ಲ. ಆ ಸಿಟ್ಟಿಗೆ ಎದಿತನಕ ಗಡ್ಡ ಬಿಟ್ಟೀನಿ.

ಇಂಥಾ ನನ್ನ ಮನಿಗೆ ಉದಗೀರದಿಂದ ಒಂದು ಸಂಬಂಧ ಬಂತು. ಹುಡುಗ ಪಂಕಜ, ದನದ ಡಾಕ್ಟರು. ಇಷ್ಟು ದಿನ ಯಾವ ಹುಡುಗನ ಫೋಟೋ ತೋರಿಸಿದ್ರೂ ಮೂಗು ಮುರೀತಿದ್ದ ನಮ್ಮ ಮಗಳು ಪ್ರಾಜಕ್ತಾ, ಇವನ ಫೋಟೋ ಮಾತ್ರ ಸುಮ್ಮ ತನ್ನ ಫೋನಿಗೆ ಕಳಿಸ್ಕೊಂಡಿದ್ಳು! ಅವತ್ತಿನಿಂದ ಈ ಸಂಬಂಧ ಕೈ ಬಿಟ್ಟು ಹೋಗಬಾರದು ಅಂತ ಮನಿಮಂದಿಗೆಲ್ಲಾ ಎದಿ ಡವಡವ. ಆದ್ರ ಹುಡುಗನ ಅಜ್ಜಿ ಅಂಜನಾಬಾಯಿ ಆ ಮನಿಯ ಹೈಕೋರ್ಟು. ಮೊಳಕಾಲ ಬ್ಯಾನಿ, ನಿಲಂಗಾಕ್ಕ ಬರ್ಲಿಕ್ಕ ಆಗಂಗಿಲ್ಲ. "ಮೊದಲ ವಿಡಿಯೋದಾಗ ಹುಡುಗಿ ನೋಡ್ತೀನಿ. ನಾ ಹೂಂ ಅಂದ್ರಷ್ಟೇ ಮುಂದಿನ ಮಾತು" ಅಂತ ಆಕಿ ಹುಕುಂ ಆತು.

"ಫೋನ್ ಮ್ಯಾಲೇ ಮಾಡ್ರಿ, ಸಲೀಸಾಗ್ತದ" ಅಂದ್ಳು ನನ್ನ ಹೆಂಡತಿ ವಿಮಲಾ.

"ಮಗಳ ಜಿಂದಗಿ ಪ್ರಶ್ನಾ! ಅಂಗೈಯಷ್ಟು ಫೋನಿನ್ಯಾಗ ತೋರಿಸ್ತೀಯೇನು? ಲ್ಯಾಪ್‌ಟಾಪ್ ತಗೀ!"

ಲ್ಯಾಪ್‌ಟಾಪಿಗೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಟೇಬಲ್ ಮ್ಯಾಲ ಇಟ್ಟೆ. ಕಾಲ್ ಹತ್ತಿತು. ಹುಡುಗ, ಅವನ ಅಪ್ಪ ಕೈಲಾಸರಾಯರು, ನಡುವ ಅಜ್ಜಿ. ನಮಸ್ಕಾರ, ನಮಸ್ಕಾರ! ಅಷ್ಟರಾಗ ಕೀಬೋರ್ಡಿನ ಮ್ಯಾಲ ಊದಿನಕಡ್ಡಿ ಬೂದಿ ಬಿದ್ದದ್ದು ನನ್ನ ಕಣ್ಣಿಗೆ ಬಿತ್ತು. ಬೀಗರ ಮುಂದ (ಇನ್ನೂ ಆಗಿರಲಿಲ್ಲ, ಆಶಾ ಅಷ್ಟ) ಬೂದಿ ಶೋಭಾ ಏನು? ಹೆಗಲಿನ ಟಾವೆಲ್ ತಗೊಂಡು ಗಸಗಸ ಉಜ್ಜಿದೆ. ತಲಿ ಎತ್ತಿ ನೋಡ್ತೀನಿ, ಬೀಗರೆಲ್ಲಾ ತಲಿಕೆಳಗ!

ಅಯ್ಯಯ್ಯೋ! ಅಂಜನಾಬಾಯಿ ಛತ್ತಿಗೆ ಜೋತ ಬಿದ್ದಾಳ. ಕೈಲಾಸರಾಯರ ಚಾದ ಕಪ್ಪು ಬೋರಲ ಬಿದ್ದದ, ಒಂದು ಹನಿ ಸುದ್ದಾ ಚೆಲ್ಲವಲ್ದು!

"ಪಪ್ಪಾ, ಕಂಟ್ರೋಲ್..." ಅಂತ ಪ್ರಾಜಕ್ತಾ ಪಿಸುಗುಟ್ಟಿದ್ಳು.

"ನಾ ಕಂಟ್ರೋಲಿನ್ಯಾಗೇ ಅದೀನಿ! ನೋಡೂ ಹೊತ್ತಿನ್ಯಾಗ ಹುಡುಗಿ ಬಾಯಿ ಬಿಡಬಾರದು. ಸೆರಗು ಹೊದಕೊಂಡು ಸುಮ್ಮ ಕೂಡು!"

"ಈಗರ ಫೋನ್ ಮ್ಯಾಲ ಹಚ್ರಿ" ಅಂದ್ಳು ವಿಮಲಾ.

"ಫೋನಿನ್ಯಾಗ ನಾ ಉತ್ತರ ಹುಡುಕೂದದ!"

ಹುಡುಕಲಿಕ್ಕ ಕುಂತೆ. ಯಾರಿಗೇ ಏನು ಕೇಳಬೇಕಾದ್ರೂ ಪೂರಾ ಹಕೀಕತ್ ಹೇಳಿ ಮರ್ಯಾದಿಯಿಂದ ಕೇಳಬೇಕು, ನಮ್ಮ ವ್ಯಾಪಾರಸ್ಥರ ಪದ್ಧತಿ ಅದು. ಬರದೆ: 'ನಮಸ್ಕಾರ ರೀ. ನಾ ನಿಲಂಗಾದ ಸೀರಿ ವ್ಯಾಪಾರಿ ಸೂರ್ಯಕಾಂತ. ನಮ್ಮ ಮಗಳನ್ನ ನೋಡ್ಲಿಕ್ಕ ಉದಗೀರದ ಭಾಳ ಛಲೋ ಮನೆತನದವರು ಕುಂತಾರ. ದೇವರ ದಯಾದಿಂದ ಎಲ್ಲಾ ಬರಾಬರ್ ಇತ್ತು. ಒಮ್ಮಿಂದೊಮ್ಮೆಲೆ ಎಲ್ಲಾರೂ ತಲಿಕೆಳಗ ಕಾಣ್ಲಿಕತ್ತಾರ. ದಯಮಾಡಿ ಉಪಾಯ ಹೇಳಬೇಕು.'

ಉತ್ತರ ಬಂದ್ವು ನೋಡ್ರಿ, ಧಡಾಧಡ! ಲಗ್ನದ ಅಡ್ಡಿ ನಿವಾರಣಾ ಮಾಡೂ ಜ್ಯೋತಿಷಿ ಬಂದ. ಕನಸಿನ್ಯಾಗ ಬೀಗರು ಜೋತ ಬಿದ್ದಂಗ ಕಂಡ್ರ ಧನಲಾಭ ಅಂತ ಬಂತು. ತಲಿ ತಿರುಗಿದ್ರ ಉಪ್ಪು ಕಮ್ಮಿ ತಿನ್ರಿ ಅಂತ ಇನ್ನೊಬ್ಬ ಹೇಳ್ದ. ಸೀರಿ ಅಂತ ಬರದಿದ್ದಕ್ಕ ಸೂರತ್ತಿನ ಹೋಲ್‌ಸೇಲ್ ಸೀರಿನೂ ಬಂದ್ವು. ರೇಟು ಛಲೋ ಇತ್ತು, ಅದೊಂದು ಉಳಿಸಿ ಇಟ್ಕೊಂಡೀನಿ.

ಆದ್ರ ನಾ ಸೋಲಾಂವಾ ಅಲ್ಲ! ಲ್ಯಾಪ್‌ಟಾಪನ್ನೇ ಎತ್ತಿ ತಲಿಕೆಳಗ ಮಾಡಿ ಹಿಡದೆ. ಬೀಗರು ನೆಟ್ಟಗಾದ್ರು! "ನೋಡ್ದೇನು?" ಅಂತ ವಿಮಲಾನ ಕಡಿ ತಿರುಗಿ ಮೀಸಿ ಮ್ಯಾಲ ಕೈ ಇಡೂದ್ರಾಗ ಉದಗೀರದಿಂದ ಒಂದು ಕೂಗು: "ಅರೇ ಬಾಪ್ರೇ! ನಿಲಂಗಾದವರು ಉಲ್ಟಾ ಆದ್ರು!" ಲ್ಯಾಪ್‌ಟಾಪಿನ ಜೋಡಿ ಅದರ ಕ್ಯಾಮೆರಾನೂ ತಲಿಕೆಳಗ ಆಗಿತ್ತು. ಈಗ ಅವರಿಗೆ ನಾವು ಜೋತ ಬಿದ್ದಿದ್ವಿ!

ಕೈಲಾಸರಾಯರೂ ನನ್ನಂಥಾ ಶಾಣ್ಯಾರೇ. ತಮ್ಮ ಲ್ಯಾಪ್‌ಟಾಪ್ ಎತ್ತಿ ತಿರುವಿ ಹಿಡದ್ರು. ಅವರಿಗೆ ನಾವು ನೆಟ್ಟಗಾದ್ವಿ, ನಮಗ ಅವರು ಮತ್ತ ಉಲ್ಟಾ! ನಾ ತಿರುವಿದೆ. ಅವರು ತಿರುವಿದ್ರು. ನಾ ತಿರುವಿದೆ. ಅವರು ತಿರುವಿದ್ರು!

"ಥಾಂಬಾ, ಥಾಂಬಾ, ನಿಂದರ್ರಿ! ಸೂರ್ಯಕಾಂತರಾವ, ನೀವು ಸುಮ್ಮ ಹಿಡೀರಿ, ನಾ ತಿರುವ್ತೀನಿ!"

"ಛೇ ಛೇ, ನಿಮಗ್ಯಾಕ ತ್ರಾಸು? ನೀವು ಹಿಡೀರಿ, ನಾ ತಿರುವ್ತೀನಿ!"

ಮರ್ಯಾದಿ ಮಾಡ್ಲಿಕ್ಕ ಹೋಗಿ ಇಬ್ಬರೂ ಒಮ್ಮೇ ತಿರುವಿಬಿಟ್ವಿ.

"ನನಗ ಚಕ್ಕರ್ ಬರ್ಲಿಕತ್ತದ! ಬಂದ್ ಮಾಡ್ರಿ ಈ ಸಂಬಂಧ!" ಅಂತ ಅಂಜನಾಬಾಯಿ ಒದರಿದ್ಳು. ಪ್ರಾಜಕ್ತಾನ ಕಣ್ಣಾಗ ನೀರು ಬಂತು. ಮಗಳು ಮೆಚ್ಚಿದ ಒಬ್ಬನೇ ಒಬ್ಬ ಹುಡುಗ, ಅಪ್ಪನ ಟಾವೆಲ್ಲಿಗೆ ಬಲಿ!

ಮೂಲ್ಯಾಗ ಕುಂತಿದ್ದ ನಮ್ಮವ್ವ ಕುಸುಮಬಾಯಿ ಇನ್ನ ತಡಕೊಳ್ಳಲಿಲ್ಲ. "ಏ ಸೂರ್ಯಾ! ಮನಿದೇವರಿಗೆ ಹೂ ಹಚ್ಚಿ ಕೇಳೂ ಮುಂದ ಹಿಂಗೇ ಪುರಾಣ ಹೇಳ್ತೀಯೇನು? ಬಲಕ್ಕ ಹೂ ಬೀಳಬೇಕಂದ್ರ ಒಂದೇ ಮಾತು, ನೆಟ್ಟಗ ಕೇಳಬೇಕು. ನಿನ್ನ ಊರು, ನಿನ್ನ ಸೀರಿ ಕಟಗೊಂಡು ದೇವರೇನು ಮಾಡ್ಯಾನು? ಕೆಟ್ಟದ್ದು ಯಾವುದು, ಅದನ್ನ ಹೇಳು."

"ಲ್ಯಾಪ್‌ಟಾಪಿನ ಸ್ಕ್ರೀನು, ಅವ್ವಾ."

"ಏನಾಗ್ಯದ ಅದಕ್ಕ?"

"ಉಲ್ಟಾ ಆಗ್ಯದ."

"ಅಷ್ಟ ಬರಿ! ನಮಸ್ಕಾರ ಸುದ್ದಾ ಬ್ಯಾಡ."

'ಲ್ಯಾಪ್‌ಟಾಪ್ ಸ್ಕ್ರೀನ್ ಉಲ್ಟಾ' ಅಂತ ಬರದೆ. ಬಲಕ್ಕ ಹೂ ಬಿದ್ದಂಗ ಥಟ್ಟನ ಉತ್ತರ ಬಿತ್ತು: ಕಂಟ್ರೋಲ್, ಆಲ್ಟ್, ಮ್ಯಾಲಿನ ಬಾಣ, ಮೂರೂ ಕೂಡೇ ಒತ್ರಿ!

"ನಾ ಆಗಿಂದ ಮತ್ತೇನು ಹೇಳ್ಲಿಕತ್ತಿದ್ದೆ, ಪಪ್ಪಾ?" ಅಂದ್ಳು ಪ್ರಾಜಕ್ತಾ, ಹಲ್ಲು ಕಡಕೊಂತ.

ಲ್ಯಾಪ್‌ಟಾಪ್ ಟೇಬಲ್ಲಿಗಿಟ್ಟೆ. ಕೈಲಾಸರಾಯರಿಗೂ ನಿಮ್ಮದು ನೆಟ್ಟಗಿಡ್ರಿ ಅಂತ ಕೈ ಮುಗದೆ. ಮೂರೂ ಕೂಡೇ ಒತ್ತಿದೆ. ಉದಗೀರ ನೆಟ್ಟಗ ನಿಂತಿತು! ಪಂಕಜ ನಗು ತಡಕೊಂಡು ಕೆಂಪಗಾಗಿದ್ದ. ಅವನ ಮಾರಿ ನೋಡಿ ಪ್ರಾಜಕ್ತಾನೂ ಸೆರಗಿನ್ಯಾಗ ಕಿಸಕ್ಕಂತ ನಕ್ಕಳು. ಅಜ್ಜಿ ಚಷ್ಮಾ ಏರಿಸಿಕೊಂಡು ಇಬ್ಬರನ್ನೂ ನೋಡಿದ್ಳು.

"ಹುಡುಗಿ ನೆಟ್ಟಗಿದ್ರೂ ಚಂದ, ಉಲ್ಟಾ ಇದ್ರೂ ಚಂದ. ನಂದು ಹೂಂ!"

ಮನಿ ತುಂಬ ಖುಷಿಯೋ ಖುಷಿ! ವಿಮಲಾ ಸಕ್ಕರಿ ತರ್ಲಿಕ್ಕ ಓಡಿದ್ಳು. ನಾ ಗಡ್ಡ ನೀವಿಕೊಂತ ಠೀವಿಯಿಂದ ಕ್ಯಾಮೆರಾದ ಮುಂದ ಬಂದೆ. "ಮತ್ತ ನಿಮ್ಮ ಬೀಗರು ಹ್ಯಾಂಗ ಕಂಡ್ರು ರೀ, ಅವ್ವಾರ?"

ಅಂಜನಾಬಾಯಿ ನನ್ನ ಬೋಳು ತಲಿಯಿಂದ ಗಡ್ಡದ ತುದಿತನಕ ಒಮ್ಮೆ ನೋಡಿದ್ಳು.

"ಖರೆ ಹೇಳ್ಲೇನ್ರೀ, ಬೀಗರ? ಉಲ್ಟಾ ಇದ್ದಾಗೇ ನೀವು ಛಲೋ ಕಾಣ್ತಿದ್ರಿ. ತಲಿ ತುಂಬ ಕೂದಲಾ ಇತ್ತು! ಲಗ್ನದ ಫೋಟೋಕ್ಕ ಹಂಗೇ ನಿಂದರ್ರಿ."