ಯಾನೊಮಾಮಿ ಸಮಾಜ, ಬಳ್ಳಾರಿ ಜಿಲ್ಲಾ ಘಟಕ

ದೂರದ ಹೆಸರೊಂದು ನಮ್ಮ ಕಡೆ ಬಂದರೆ ಸುಮ್ಮನೆ ಹೋಗಲು ಬಿಡುವುದಿಲ್ಲ. ಎಲ್ಲಿಯವರು, ಯಾರ ಪೈಕಿ, ಇಲ್ಲಿ ಅವರದು ಎಷ್ಟು ಮನೆ ಎಂದು ವಿಚಾರಿಸಿಯೇ ಬಿಡುತ್ತಾರೆ. ನಾನು ಸಿರುಗುಪ್ಪ ತಾಲೂಕಿನ ರಾರಾವಿಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಇಂಥವು ನನಗೆ ಆಗುತ್ತಲೇ ಇರುತ್ತವೆ. ಆದರೆ ಅಮೆಜಾನ್ ಕಾಡಿನ ಆ ಒಂದು ಹೆಸರು ನನ್ನನ್ನು ಕುಣಿಸಿದಷ್ಟು ಬೇರೆ ಯಾವುದೂ ಕುಣಿಸಿಲ್ಲ.

೧. ಸಾಹೇಬರು ಬಂದರು

"ಅಮೆಜಾನ್ ಕಾಡಿನಲ್ಲಿ ಯಾನೊಮಾಮಿ ಎಂಬ ಜನರಿದ್ದಾರೆ" ಎಂದು ಹೇಳಿ ಮುಂದಿನ ಸಾಲಿಗೆ ಹೊರಟಿದ್ದೆ. ಮೊದಲ ಬೆಂಚಿನ ಹುಡುಗಿ ಎದ್ದಳು.

"ಸರ್, ಯಾನೊಮಾಮಿ ಅಂದ್ರ ಏನ್ರಿ?"

"ಅದು ಪರೀಕ್ಷೆಗೆ ಬರಂಗಿಲ್ಲ, ಕುಂದ್ರು."

"ಪರೀಕ್ಷೆಗೆ ಬ್ಯಾಡ್ರಿ ಸರ್, ನನಗ ಬೇಕು."

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಇಷ್ಟು ವರ್ಷ ಪಾಠ ಮಾಡಿಯೂ ಆ ಪ್ರಶ್ನೆ ನನಗೇ ಹೊಳೆಯಲಿಲ್ಲವಲ್ಲ ಎಂದು. ಹುಡುಕಿ ಓದಿದೆ. ಅವರ ಮಾತಿನಲ್ಲಿ ಯಾನೊಮಾಮಿ ಎಂದರೆ ಮನುಷ್ಯ, ಅಷ್ಟೇ. ಬೇಟೆಯ ಪ್ರಾಣಿಗೆ ಬೇರೆ ಪದ, ಕಣ್ಣಿಗೆ ಕಾಣದ ಜೀವಗಳಿಗೆ ಬೇರೆ ಪದ. ಹೊರಗಿನಿಂದ ಬಂದವನು, ನಂಬಬಾರದವನು 'ನಾಪೆ'.

ಮರುದಿನ ಇದನ್ನು ಹೇಳಿದ್ದೇ ತಡ, ಬಳ್ಳಾರಿಯ ಜಿಲ್ಲಾ ವಸ್ತುಪ್ರದರ್ಶನಕ್ಕೆ ಇದೇ ವಿಷಯ ಆಗಬೇಕೆಂದು ಅವಳು ಹಟ ಹಿಡಿದಳು. ಅಲ್ಲಿ ಗೆದ್ದವರು ಬೆಂಗಳೂರಿಗೆ ಹೋಗುತ್ತಾರೆ, ಅದೂ ರೈಲಿನಲ್ಲಿ. ಅವಳು ಹುಟ್ಟಿದಾಗಿನಿಂದ ರೈಲು ಹತ್ತಿರಲಿಲ್ಲ. ಬಹುಮಾನ ಯಾರಿಗೆ ಬೇಕು, ಅವಳಿಗೆ ಕಿಟಕಿ ಪಕ್ಕದ ಸೀಟು ಬೇಕಿತ್ತು.

ಅದೇ ವಾರ ಸಿರುಗುಪ್ಪದಿಂದ ಸಾಹೇಬರು ತಪಾಸಣೆಗೆ ಬಂದರು. ಅವರು ಜೀಪಿನಿಂದ ಇಳಿಯುತ್ತಿದ್ದಂತೆ ಹಿಂದಿನ ಬೆಂಚಿನಿಂದ ಪಿಸುಮಾತು ಕೇಳಿಸಿತು: "ಸುಮ್ನ ಕುಂದರ್ರಲೇ, ನಾಪೆಯವ್ರು ಬಂದ್ರು!"

೨. ಸಂಬಂಧ

ಕುರುಗೋಡಿನ ಅತ್ತೆಯ ಮನೆಯಲ್ಲಿ ಊಟಕ್ಕೆ ಕುಳಿತಾಗ ನನ್ನ ಯಾನೊಮಾಮಿ ಪುರಾಣ ತೆಗೆದೆ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"ಒಬ್ಬೊಬ್ಬರ ಹೆಸರು ಏನೇನು ಇರ್ತಾವ್ರಿ ಅವರಲ್ಲಿ?"

"ಅದನ್ನ ಕೇಳೋದ ತಪ್ಪಂತ್ರಿ. ಎದುರಿಗಿದ್ದವರನ್ನ ಹೆಸರು ಹಿಡಿದು ಕರದ್ರ ಅವಮಾನ. ಅಣ್ಣ, ಅಕ್ಕ, ಮಾವ ಅಂತ ಸಂಬಂಧ ಹಿಡಿದು ಕರೀಬೇಕು."

ನಮ್ಮ ಅತ್ತೆ ಮದುವೆಯಾದಂದಿನಿಂದ ಮಾವನವರ ಹೆಸರನ್ನು ಬಾಯಿಬಿಟ್ಟು ಹೇಳಿದವರಲ್ಲ. ರೇಷನ್ ಅಂಗಡಿಯಲ್ಲೂ ಪಕ್ಕದವರಿಂದ ಹೇಳಿಸುತ್ತಾರೆ. ಅವರ ಮುಖ ಅರಳಿತು.

"ಮರ್ಯಾದಸ್ಥರ ಮನೆತನ ಅನ್ರಿ ಹಂಗಾರ! ನಮ್ಮ ಸಣ್ಣಾಕಿಗೆ ಅಲ್ಲೇ ಒಂದು ವರ ನೋಡ್ರಲ್ಲ. ಬಳ್ಳಾರಿಯಿಂದ ನೇರ ಬಸ್ ಐತೇನು?"

೩. ಶುಭ ಕೋರುವವರು

ಪ್ರದರ್ಶನಕ್ಕೆ ಫ್ಲೆಕ್ಸ್ ಮಾಡಿಸಲು ಬಳ್ಳಾರಿಯ ಬ್ರೂಸ್‌ಪೇಟೆಗೆ ಹೋದೆ. ಅಂಗಡಿಯವನು ದಿನಕ್ಕೆ ಹತ್ತು ಜನ್ಮದಿನ, ಐದು ಸಮಾವೇಶ ಮುದ್ರಿಸಿ ಪಳಗಿದವನು.

"ಯಾನೊಮಾಮಿ. ಸರಿ ಸಾರ್, ಅಧ್ಯಕ್ಷರ ಫೋಟೋ ಕೊಡ್ರಿ."

"ಅವರಿಗೆ ಅಧ್ಯಕ್ಷರಿಲ್ಲಪ್ಪ."

"ಅಧ್ಯಕ್ಷರಿಲ್ಲದ ಸಮಾಜ ಎಲ್ಲೈತಿ ಸಾರ್? ಜಗಳಾಡಿ ಎರಡು ಬಣ ಆಗ್ಯಾವೇನು?"

ಹೆಸರು, ಅದರ ಕೆಳಗೆ ಕಾಡಿನ ಚಿತ್ರ, ಇಷ್ಟೇ ಸಾಕೆಂದು ಹೇಳಿ ಬಂದೆ. ಪ್ರದರ್ಶನದ ದಿನ ಬೆಳಿಗ್ಗೆ ಅವನೇ ಸುರುಳಿ ತಂದು ಬಿಚ್ಚಿದ. ಮೇಲೆ 'ಯಾನೊಮಾಮಿ ಸಮಾಜ, ಬಳ್ಳಾರಿ ಜಿಲ್ಲಾ ಘಟಕ'. ಕೆಳಗೆ 'ಸಮಸ್ತ ಕುಲಬಾಂಧವರಿಗೆ ಹಾರ್ದಿಕ ಸುಸ್ವಾಗತ'. ಮೂಲೆಯಲ್ಲಿ 'ಶುಭ ಕೋರುವವರು: ಅಧ್ಯಕ್ಷರು', ಅಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡ ನಾನು!

"ಫೋಟೋ ಇಲ್ಲಂದ್ರ ಬಣಬಣ ಕಾಣ್ತೈತಿ ಸಾರ್, ನಿಮ್ಮ ವಾಟ್ಸಾಪ್‌ನಾಗಿಂದ ತಗಂಡೆ" ಎಂದ. "ತಲಿಮ್ಯಾಲೆ ಕೂದಲು ಮಾತ್ರ ನಾನ ಹಾಕೀನಿ."

೪. ಅರ್ಜಿ

ಹುಡುಗಿ ಫ್ಲೆಕ್ಸ್ ನೋಡಿ, "ರೈಲು ಹೋತ್ರಿ ಸರ್" ಎಂದಳು. ಅವಳ ಕಣ್ಣಲ್ಲಿ ನೀರು. ನನಗೆ ನಿಜಕ್ಕೂ ನಾಚಿಕೆಯಾಯಿತು. ಬೇರೆ ಮಾಡಿಸಲು ಹೊತ್ತಿರಲಿಲ್ಲ, ಅದನ್ನೇ ಕಟ್ಟಿದೆವು.

ಉದ್ಘಾಟನೆಗೆ ಬಂದ ಮುಖಂಡರೊಬ್ಬರು ತೀರ್ಪುಗಾರರ ಜೊತೆ ನಮ್ಮ ಮುಂದೆ ಬಂದು ನಿಂತರು. ಫ್ಲೆಕ್ಸ್ ನೋಡಿದರು, ನನ್ನನ್ನು ನೋಡಿದರು, ಎರಡೂ ಕೈ ಜೋಡಿಸಿದರು.

"ನಮಸ್ಕಾರ್ರಿ ಅಧ್ಯಕ್ಷರ! ನಿಮ್ಮ ಸಮಾಜಕ್ಕ ಒಂದು ಭವನ ಕಟ್ಟಿಸಿ ಕೊಡೋದು ನನ್ನ ಜವಾಬ್ದಾರಿ. ನಮ್ಮ ಕ್ಷೇತ್ರದಾಗ ನಿಮ್ಮವ್ರ ಓಟು ಎಷ್ಟದಾವು?"

ಹುಡುಗಿ ಮುಂದೆ ಬಂದಳು.

"ಎಲ್ಲಾ ಓಟೂ ನಮ್ಮವ್ರವ ಅದಾವ್ರಿ."

"ಎಲ್ಲಾನೂ?"

"ಹೌದ್ರಿ. ಯಾನೊಮಾಮಿ ಅಂದ್ರ ಅವರ ಮಾತಿನಾಗ ಮನುಷ್ಯ ಅಂತ. ಅವರು ಇರೋದು ಅಮೆಜಾನ್ ಕಾಡಿನಾಗ. ಫ್ಲೆಕ್ಸಿನವ್ರು ತಿಳೀದ ಜಿಲ್ಲಾ ಘಟಕ ಮಾಡ್ಯಾರ. ಮನುಷ್ಯರದು ಘಟಕ ಬಳ್ಳಾರಿಯಾಗ ಇದ್ರ ತಪ್ಪೇನೈತ್ರಿ?"

ತೀರ್ಪುಗಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಖಂಡರೂ ನಕ್ಕು, "ಹಂಗಾರ ನಾನೂ ನಿಮ್ಮ ಸಮಾಜದವನ ಆದ್ನಲ್ಲವಾ!" ಎಂದರು.

ಅವಳು ಅವರನ್ನು ತಲೆಯಿಂದ ಚಪ್ಪಲಿಯವರೆಗೆ ನೋಡಿದಳು. "ಅರ್ಜಿ ಹಾಕ್ರಿ. ಅಧ್ಯಕ್ಷರು ವಿಚಾರ ಮಾಡಿ ಹೇಳ್ತಾರ."

೫. ಕಿಟಕಿ ಪಕ್ಕ

ಬೆಂಗಳೂರಿನ ರೈಲು ಬಳ್ಳಾರಿ ಬಿಟ್ಟಾಗ ಅವಳು ಕಿಟಕಿಯ ಸರಳು ಹಿಡಿದು ಕುಳಿತಿದ್ದಳು. ಗೆದ್ದಿದ್ದು ಅವಳು, ಹಿಗ್ಗಿದ್ದು ನಾನು. ಎದುರಿನ ಸೀಟಿನಲ್ಲಿದ್ದ ಮೋಕದ ಹಿರಿಯರೊಬ್ಬರು ಎಲೆ ಅಡಿಕೆ ಬಾಯಿಗಿಟ್ಟು ಅವಳನ್ನು ಕೇಳಿದರು.

"ಯಾರ ಪೈಕಿ ಆಗಬೇಕವಾ ನೀವು?"

"ಯಾನೊಮಾಮಿ ಪೈಕಿ ರೀ."

ಹಿರಿಯರು ಒಂದು ಕ್ಷಣವೂ ತಡೆಯಲಿಲ್ಲ.

"ಗೊತ್ತಲ್ಲ! ನಮ್ಮ ಮೋಕದಾಗೂ ನಿಮ್ಮವ್ರದು ನಾಕು ಮನಿ ಅದಾವು. ಭಾಳ ಛಲೋ ಮಂದಿ."