ಮೆಚ್ಚುಗೆಯ ನೋಟಿಸು

ಟಪಾಲಣ್ಣನಿಗೆ ಆ ದಿನ ಬೆಳಿಗ್ಗೆ ಒಂದು ಒಳ್ಳೆಯ ಬುದ್ಧಿ ಬಂತು. ಕೆಟ್ಟದ್ದೆಲ್ಲ ಶುರುವಾದದ್ದು ಅಲ್ಲಿಂದಲೇ.

ವಕೀಲರ ಆಫೀಸಿನಲ್ಲಿ ನೋಟಿಸುಗಳನ್ನು ಲಕೋಟೆಗೆ ತುಂಬಿ ಅಂಟಿಸುವುದು ಅವನ ಕೆಲಸ. ಮೂವತ್ತು ವರ್ಷ ಅಂಟಿಸಿ ಅಂಟಿಸಿ ಸ್ವಂತ ಹೆಸರು ಕಳಚಿಬಿದ್ದು, ಈ ಹೆಸರು ಅಂಟಿಕೊಂಡಿತ್ತು. ಅವನು ಓದುತ್ತಿದ್ದುದು ಒಂದನ್ನೇ, ಯಾರೋ ಪುಣ್ಯಾತ್ಮರು ಊರಿನ ಬಗ್ಗೆ ನಡೆಸುತ್ತಿದ್ದ ಬ್ಲಾಗನ್ನು. ಯಾವ ರಸ್ತೆ ಅಗೆದರು, ಯಾವ ಮರ ಕಡಿದರು, ಯಾವ ಫುಟ್‌ಪಾತು ಅರ್ಧದಾರಿಯಲ್ಲಿ ಮನಸ್ಸು ಬದಲಿಸಿ ಚರಂಡಿಗಿಳಿಯಿತು, ಎಲ್ಲ ಅದರಲ್ಲಿರುತ್ತಿತ್ತು. ವರ್ಷ ತುಂಬಿದ ಹೊಂಡಗಳಿಗೆ ಹುಟ್ಟುಹಬ್ಬದ ಶುಭಾಶಯವನ್ನೂ ಕೋರುತ್ತಿದ್ದರು.

ಹೋದ ತಿಂಗಳು, ಕೆಡವಿದ ಕಾಲುಸೇತುವೆಯ ಬಗ್ಗೆ ಬರೆದು ಎರಡು ವರ್ಷದ ಹಿಂದಿನ ಚಿತ್ರವೊಂದನ್ನು ಹಾಕಿದ್ದರು. ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕಿತ್ತುಹೋದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬಿದ್ದು ಬಿದ್ದು ನಗುತ್ತಿದ್ದಳು. ಟಪಾಲಣ್ಣನ ಹೆಂಡತಿ. ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಅವಳು ನಗುತ್ತಿದ್ದುದು ಗಂಡನನ್ನು ನೋಡಿ. ಗಂಡನ ಮೊಣಕೈಯಷ್ಟೇ ಚಿತ್ರಕ್ಕೆ ಸಿಕ್ಕಿತ್ತು. ಮದುವೆಯ ಆಲ್ಬಮ್ಮು ಗೆದ್ದಲಿನ ಪಾಲಾಗಿ, ಮನೆಯಲ್ಲಿ ಉಳಿದಿದ್ದುದು ಗುರುತಿನ ಚೀಟಿಯ ಫೋಟೋ ಒಂದೇ. ಅದರಲ್ಲಿ ಅವಳು ಕದ್ದು ಸಿಕ್ಕಿಬಿದ್ದವಳ ಹಾಗೆ ಕಾಣುತ್ತಿದ್ದಳು.

"ಅಮ್ಮಾ, ಆ ಬ್ಲಾಗಿನೋರಿಗೆ ನಾಲ್ಕು ಸಾಲು ಬರ್ಕೊಡ್ತೀಯಾ?" ಎಂದು ಟೈಪಿಸ್ಟಮ್ಮನನ್ನು ಕೇಳಿದ. "ಚೆನ್ನಾಗಿ ಬರೀತೀರಿ, ದೊಡ್ಡ ಉಪಕಾರ ಆಯ್ತು, ಈ ಫೋಟೋದ ದೊಡ್ಡ ಪ್ರತಿ ಒಂದು ಕೊಡಿ ಅಂತ. ಗೋಡೆಗೆ ಹಾಕ್ಬೇಕು."

ಟೈಪಿಸ್ಟಮ್ಮನ ಕಣ್ಣು ತುಂಬಿತು. ಆದರೆ ಇಪ್ಪತ್ತೆರಡು ವರ್ಷ ನೋಟಿಸು ಕುಟ್ಟಿದ ಬೆರಳುಗಳು ಕಣ್ಣಿನ ಮಾತು ಕೇಳುವಂಥವಲ್ಲ. 'ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ' ಎಂದು ಅವು ತಾವಾಗಿಯೇ ಹೊರಟವು.

"ಸ್ವಲ್ಪ ಗಟ್ಟಿಯಾಯ್ತೇನೋ ಅಮ್ಮಾ."

"ಗಟ್ಟಿ ಅಲ್ಲ ಅಣ್ಣಾ, ಮರ್ಯಾದೆ. ನೀವು ಸುಮ್ನಿರಿ."

ಹೆಡ್ ಗುಮಾಸ್ತರು ಕನ್ನಡಕ ಹಣೆಗೇರಿಸಿ ಬಂದರು. "ನಿನ್ನ ಹೆಂಡ್ತೀನೇ ಅಂತ ಅವರಿಗೆ ಹೇಗಯ್ಯಾ ಗೊತ್ತಾಗ್ಬೇಕು? 'ಸದರಿ ಮಹಿಳೆಯು ನನ್ನ ಕಾನೂನುಬದ್ಧ ಪತ್ನಿ' ಅಂತ ಹಾಕಮ್ಮ. ಫೋಟೋ ತೆಗೆಯುವಾಗ ನಿಮ್ಮನ್ನ ಕೇಳಿದ್ರಾ?"

"ಇಲ್ಲ ಸಾರ್, ನಮಗೆ ಗೊತ್ತೇ ಇರ್ಲಿಲ್ಲ. ಅದೇ ಅಲ್ವಾ ಸಂತೋಷ!"

"ಹಾಗಾದ್ರೆ 'ನಮ್ಮ ಗಮನಕ್ಕೆ ತಾರದೆ ತೆಗೆಯಲಾಗಿರುತ್ತದೆ'. ಇದ್ದದ್ದು ಇದ್ದ ಹಾಗೆ ಹೇಳ್ಬೇಕಪ್ಪ."

ಊಟ ಮುಗಿಸಿ ಬಂದ ವಕೀಲರು ಓದಿ ತಲೆದೂಗಿದರು. "ಗಡುವು ಕೊಡದಿದ್ರೆ ಈ ಕಾಲದಲ್ಲಿ ಯಾರೂ ಕೆಲಸ ಮಾಡಲ್ಲ" ಎಂದು 'ಏಳು ದಿನಗಳೊಳಗೆ' ಸೇರಿಸಿದರು. ದೊಡ್ಡ ಪ್ರತಿ ಕೇಳುವುದು ಭಿಕ್ಷೆ ಬೇಡಿದ ಹಾಗಾಗುತ್ತದೆಂದು, ಅದನ್ನು 'ಮೂಲ ಪ್ರತಿಯ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು' ಎಂದು ತಿದ್ದಿದರು.

"ನಂಗೆ ಬ್ಲಾಗು ತುಂಬ ಇಷ್ಟ ಅಂತ ಎಲ್ಲಿದೆ ಸಾರ್?"

"ಕೊನೇಲಿದೆ ನೋಡು."

ಕೊನೆಯಲ್ಲಿತ್ತು: 'ತಮ್ಮ ಬ್ಲಾಗನ್ನು ನಾನು ಪ್ರತಿದಿನವೂ ತಪ್ಪದೆ ಗಮನಿಸುತ್ತಿದ್ದೇನೆ.'

ಪತ್ರ ಆಫೀಸಿನ ಮೊಹರು ಹೊತ್ತು ಮೂರು ಗಂಟೆಗೆ ಇಮೇಲಿನಲ್ಲಿ ಹೋಯಿತು. ನಲವತ್ತೇ ನಿಮಿಷದಲ್ಲಿ ಉತ್ತರ ಬಂತು. ಟೈಪಿಸ್ಟಮ್ಮ ಉತ್ಸಾಹದಿಂದ ಗಟ್ಟಿಯಾಗಿ ಓದತೊಡಗಿದವಳು ಬರಬರುತ್ತ ದನಿ ತಗ್ಗಿಸಿದಳು.

"'ಮಾನ್ಯರೇ, ದಯವಿಟ್ಟು ಕ್ಷಮಿಸಿ. ಏಳು ದಿನ ಕಾಯದೆ ಈಗಲೇ ಚಿತ್ರವನ್ನು ತೆಗೆದುಹಾಕಿದ್ದೇವೆ. ಮೂಲ ಪ್ರತಿಯನ್ನೂ ಎಲ್ಲ ಕಡೆಯಿಂದ ಅಳಿಸಿದ್ದೇವೆ. ನಿಮ್ಮ ಪತ್ನಿಯವರಿಗೂ ನಮ್ಮ ಕ್ಷಮೆ ತಿಳಿಸಬೇಕಾಗಿ ವಿನಂತಿ.'"

ಟಪಾಲಣ್ಣ ಫೋನು ತೆರೆದ. ಮೆಟ್ಟಿಲಿದ್ದ ಜಾಗದಲ್ಲಿ ಬೂದು ಬಣ್ಣದ ಒಂದು ಚೌಕವಿತ್ತು. ಬೆರಳಿನಿಂದ ಒರೆಸಿ ನೋಡಿದ.

"ಅಣ್ಣಾ, ನಿಮ್ಮ ಫೋನಲ್ಲಿ ಇಳಿಸ್ಕೊಂಡಿದ್ದೀರಿ ತಾನೇ?" ಟೈಪಿಸ್ಟಮ್ಮ ಕುರ್ಚಿ ಬಿಟ್ಟು ಎದ್ದು ಬಂದಳು.

"ಅಲ್ಲೇ ಇರ್ತಿದ್ಲಲ್ಲಮ್ಮಾ. ದಿನಾ ಹೋಗಿ ನೋಡ್ಕೊಂಡು ಬರ್ತಿದ್ದೆ."

ಅಷ್ಟರಲ್ಲಿ ವಕೀಲರು ತಮ್ಮ ಕೋಣೆಯಲ್ಲಿ ಅದೇ ಉತ್ತರ ಓದಿ ಹೊರಗೆ ಓಡಿಬಂದರು. "ಭೇಷ್! ಕೋರ್ಟಿನ ಮೆಟ್ಟಿಲು ಹತ್ತೋ ಹಾಗೇ ಇಲ್ಲ, ಪೂರ್ತಿ ಶರಣಾಗತಿ!" ಎಂದು ಟಪಾಲಣ್ಣನ ಕೈ ಹಿಡಿದು ಕುಲುಕಿದರು. ಹೆಡ್ ಗುಮಾಸ್ತರೂ ಬೆನ್ನು ತಟ್ಟಿದರು.

ಆ ಆಫೀಸಿನಿಂದ ಅಷ್ಟು ಬೇಗ ಗೆದ್ದವರು ಅದುವರೆಗೆ ಯಾರೂ ಇರಲಿಲ್ಲ.